ಸೌಂಡ್ ಎಂಜಿನಿಯರಿಂಗ್‌ಗೆ ಡಿಗ್ರಿ ಬೇಕಾ? ಸೇರುವ ಮುಂಚೆ ಏನು ನೋಡಬೇಕು?

ಹೊಸಕಿವಿ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡಿದ್ದೆ, ಇದು ನನ್ನ ಮೊದಲ ಪೋಸ್ಟ್. ಮುಂದಿನ ವರ್ಷ ಡಿಗ್ರಿ ಸೇರಬೇಕು. ಸೌಂಡ್ ಎಂಜಿನಿಯರಿಂಗ್ ಅಥವಾ ಆಡಿಯೋ ಪ್ರೊಡಕ್ಷನ್ ಓದುವ ಆಸೆ ಇದೆ. ಮನೆಯಲ್ಲಿ ಲ್ಯಾಪ್‌ಟಾಪ್, ಎರಡು ಚಾನೆಲ್ ಇಂಟರ್‌ಫೇಸ್ (ಮೈಕ್ ಅನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್ ಇದೆ. ಗೆಳೆಯರು ಹಾಡುತ್ತಾರೆ, ನಾನು ರೀಪರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿ ಮಿಕ್ಸ್ ಮಾಡುತ್ತೇನೆ.

ಗೊಂದಲ ಎಲ್ಲಿ ಅಂದರೆ, ಕೋರ್ಸ್‌ಗಳ ಹೆಸರು ಒಂದೊಂದು ಕಡೆ ಒಂದೊಂದು ಥರ. ಮ್ಯೂಸಿಕ್ ಟೆಕ್ನಾಲಜಿ, ಆಡಿಯೋ ಎಂಜಿನಿಯರಿಂಗ್, ಸೌಂಡ್ ಡಿಸೈನ್, ಸೌಂಡ್ ರೆಕಾರ್ಡಿಂಗ್. ಒಂದಕ್ಕೆ ಗಣಿತ, ಭೌತಶಾಸ್ತ್ರ ಕಡ್ಡಾಯ. ಇನ್ನೊಂದಕ್ಕೆ ವಾದ್ಯ ನುಡಿಸಿ ತೋರಿಸಬೇಕು. ಮತ್ತೊಂದಕ್ಕೆ ಏನೂ ಬೇಡ, ಅರ್ಜಿ ಹಾಕಿದರೆ ಸಾಕು. ಗಣಿತ ನನಗೆ ಪರವಾಗಿಲ್ಲ, ಫಿಸಿಕ್ಸ್ ಹೇಗೋ ನಡೆಯುತ್ತಿದೆ. ಒಬ್ಬ ಗೆಳೆಯ, ಎಲ್ಲ ಯೂಟ್ಯೂಬ್‌ನಲ್ಲೇ ಸಿಗುತ್ತದೆ, ಮೂರ್ನಾಲ್ಕು ವರ್ಷ ಯಾಕೆ ಕಳೆಯುತ್ತೀಯಾ ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಕೆಲಸದಲ್ಲಿ ಇರುವವರು ಹೇಳಿ, ಡಿಗ್ರಿಯಿಂದ ನಿಜಕ್ಕೂ ಏನು ಸಿಗುತ್ತದೆ?

ಕೇಬಲ್‌ಸುತ್ತು:
ನೇರವಾಗಿ ಹೇಳ್ತೀನಿ, ಬೇಡ. ನಾನು ಲೈವ್ ಸೌಂಡ್‌ನಲ್ಲಿ ಇರುವವನು. ನಮ್ಮಲ್ಲಿ ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ. ಹೊಸಬ ಬಂದರೆ ಮೊದಲು ಕೇಬಲ್ ಸುತ್ತಲು ಕೊಡುತ್ತೇವೆ. ಒಂದು ಸುತ್ತು ನೇರ, ಮುಂದಿನದು ತಿರುವು ಹಾಕಿ ಒಳಮುಖ, ಹೀಗೆ ಸುತ್ತಿದರೆ ಎಸೆದಾಗ ಗಂಟಾಗದೆ ನೇರ ಬಿಚ್ಚಿಕೊಳ್ಳುತ್ತದೆ. ಮೊಣಕೈಗೆ ಸುತ್ತಿಕೊಂಡವನನ್ನು ಕಂಡರೆ ಅಲ್ಲೇ ಗೊತ್ತಾಗುತ್ತದೆ, ಇವನು ಇನ್ನೂ ಕೆಲಸಕ್ಕೆ ಇಳಿದಿಲ್ಲ ಅಂತ. ಡಿಗ್ರಿ ಮುಗಿಸಿ ಬಂದವರಲ್ಲೂ ಇಂಥವರನ್ನು ಎಷ್ಟೋ ನೋಡಿದ್ದೇನೆ. ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸುವ ಸಾಧನ) ಬಗ್ಗೆ ಒಂದು ಗಂಟೆ ಮಾತಾಡುತ್ತಾರೆ, ವೇದಿಕೆ ಮೇಲೆ ಮಾನಿಟರ್ (ಹಾಡುವವರ ಕಡೆ ತಿರುಗಿಸಿದ ಸ್ಪೀಕರ್) ಕೂಗತೊಡಗಿದರೆ ಯಾವ ಫ್ರೀಕ್ವೆನ್ಸಿ ಅಂತ ಹುಡುಕುವುದರಲ್ಲಿ ಹಾಡೇ ಮುಗಿದಿರುತ್ತದೆ.

ಒಂದು ಬಾಡಿಗೆ ಸೌಂಡ್ ಕಂಪನಿಗೆ ಸೇರಿಕೊಳ್ಳಿ. ಎರಡು ವರ್ಷದಲ್ಲಿ ಕಲಿಯುವುದು ಕಾಲೇಜಿನ ಮೂರು ವರ್ಷಕ್ಕಿಂತ ಜಾಸ್ತಿ. ಸಾಲ ಅಂತೂ ಮಾಡಬೇಡಿ.

ಮೂರನೇವರ್ಷ:
ಅಣ್ಣ ಹೇಳಿದ್ದು ಲೈವ್‌ಗೆ ಸರಿ ಇರಬಹುದು. ಆದರೆ ಡಿಗ್ರಿ ಅಂದರೆ ಕುಳಿತು ಕಂಪ್ರೆಸರ್ ಬಗ್ಗೆ ಕೇಳಿಸಿಕೊಳ್ಳುವುದು ಅಂತ ಅಂದುಕೊಂಡರೆ ಅದು ಪೂರ್ತಿ ಸರಿ ಅಲ್ಲ. ನಾನು ಈಗ ಮೂರನೇ ವರ್ಷ ಓದುತ್ತಿದ್ದೇನೆ. ನಮ್ಮ ವಾರ ಹೇಗಿರುತ್ತದೆ ಅಂತ ಹೇಳುತ್ತೇನೆ.

ಕಿವಿ ತರಬೇತಿ ಅಂತ ಒಂದು ಕ್ಲಾಸ್ ಇದೆ. ಮೊದಲ ಸಲ ಕೂತಾಗ ಬೆವರು ಬಂತು. ಪಿಂಕ್ ನಾಯ್ಸ್ ಹಾಕುತ್ತಾರೆ. ಅದೇ, ಮಳೆ ಸುರಿದ ಹಾಗೆ ಒಂದೇ ಸಮ ಬರುವ ಸದ್ದು. ಅದರಲ್ಲಿ ಒಂದು ಬ್ಯಾಂಡ್ (ಫ್ರೀಕ್ವೆನ್ಸಿಯ ಒಂದು ತುಂಡು) ಮಾತ್ರ 12 ಡೆಸಿಬೆಲ್ ಎತ್ತುತ್ತಾರೆ. 63 ಹರ್ಟ್ಸ್, 125, 250, 500, ಆಮೇಲೆ 1 ಕಿಲೋಹರ್ಟ್ಸ್, 2, 4, 8, 16. ಯಾವುದು ಅಂತ ಬರೆಯಬೇಕು. ಮೊದಲು 250ಕ್ಕೂ 500ಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆಮೇಲೆ ಒಬ್ಬೊಬ್ಬರೂ ಒಂದೊಂದು ಗುರುತು ಇಟ್ಟುಕೊಳ್ಳುತ್ತಾರೆ. 250 ಅಂದರೆ ಎದೆಯಲ್ಲಿ ಗುಂಯ್ ಅನ್ನುತ್ತದೆ, 500 ಅಂದರೆ ಖಾಲಿ ಡಬ್ಬದೊಳಗೆ ಮಾತಾಡಿದ ಹಾಗೆ, 1 ಕಿಲೋಹರ್ಟ್ಸ್ ಮೂಗಿನಲ್ಲಿ, 4 ಕಿಲೋಹರ್ಟ್ಸ್ ಕಿವಿಗೆ ಚುಚ್ಚುತ್ತದೆ. ಸ್ವಲ್ಪ ಬಂತು ಅನ್ನುವಾಗ 12 ಡೆಸಿಬೆಲ್ ಇದ್ದದ್ದು 6 ಆಗುತ್ತದೆ, ಆಮೇಲೆ 3. ಆಮೇಲೆ ಎತ್ತುವುದರ ಬದಲು ತಗ್ಗಿಸುತ್ತಾರೆ. ಇಲ್ಲದಿರುವುದನ್ನು ಕೇಳಿ ಹೇಳುವುದು ಇರುವುದನ್ನು ಹೇಳುವುದಕ್ಕಿಂತ ಕಷ್ಟ. ಇದನ್ನೇ ಆಪ್‌ನಲ್ಲಿ ಮಾಡಬಹುದು, ಗೊತ್ತು. ಆದರೆ ವಾರಕ್ಕೆ ಎರಡು ಸಲ, ಒಳ್ಳೆ ಸ್ಪೀಕರ್ ಮುಂದೆ, ತಪ್ಪಿದರೆ ಯಾಕೆ ತಪ್ಪಿತು ಅಂತ ಹೇಳುವವರು ಪಕ್ಕದಲ್ಲಿ ಇದ್ದು ಮಾಡುವುದು ಬೇರೆ.

ಮಾನಿಟರ್ ಕೂಗಿದಾಗ ಯಾವ ಫ್ರೀಕ್ವೆನ್ಸಿ ಅಂತ ಹೇಳಲು ಬೇಕಿರುವುದೂ ಇದೇ ಅಲ್ವಾ, @ಕೇಬಲ್‌ಸುತ್ತು?

ಕೇಬಲ್‌ಸುತ್ತು:
ಹೌದು. ಆದರೆ ನಮ್ಮ ಸಾವಿರ ಜನರ ಮುಂದಿನ ಪರೀಕ್ಷೆಯಲ್ಲಿ ಪೆನ್ನು ಪೇಪರ್ ಕೊಡಲ್ಲ.

ಪಾಠದಕೋಣೆ:
ನಾನು ಈ ವಿಷಯ ಕಲಿಸುವವರ ಪೈಕಿ. ಹಾಗಾಗಿ ನನ್ನ ಮಾತನ್ನು ಸ್ವಲ್ಪ ಅನುಮಾನದಿಂದಲೇ ಓದಿ. ಡಿಗ್ರಿ ಬೇಕೇ ಬೇಕು ಅಂತ ನಾನು ಹೇಳುವುದಿಲ್ಲ. ಕೋರ್ಸ್ ಹೇಗೆ ಆರಿಸುವುದು ಅಂತ ಮಾತ್ರ ಹೇಳುತ್ತೇನೆ, ಯಾಕೆಂದರೆ ಒಳ್ಳೆ ಕೋರ್ಸ್‌ಗೂ ಕೆಟ್ಟ ಕೋರ್ಸ್‌ಗೂ ಇರುವ ಅಂತರ, ಡಿಗ್ರಿ ಮಾಡುವುದಕ್ಕೂ ಮಾಡದೆ ಇರುವುದಕ್ಕೂ ಇರುವ ಅಂತರಕ್ಕಿಂತ ದೊಡ್ಡದು.

ಹೆಸರು ನೋಡಿ ಮೋಸ ಹೋಗಬೇಡಿ. ಸುಮಾರಾಗಿ ಮೂರು ಜಾತಿ ಇವೆ. ಒಂದು ಸಂಗೀತ ಮತ್ತು ತಂತ್ರಜ್ಞಾನ ಎರಡನ್ನೂ ಗಂಭೀರವಾಗಿ ಕಲಿಸುವುದು. ಜರ್ಮನಿಯ ಟೋನ್‌ಮೈಸ್ಟರ್ (ಧ್ವನಿ ನಿಪುಣ) ಪರಂಪರೆ ಇದು. ಅಲ್ಲಿನ ಡೆಟ್‌ಮೋಲ್ಡ್ ಊರಿನಲ್ಲಿ 1949ರಲ್ಲೇ ಶುರುವಾಯಿತು. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯ 1970ರಲ್ಲಿ ಅದೇ ಹೆಸರಿನ ಕೋರ್ಸ್ ತಂದಿತು. ಸ್ವರಲಿಪಿ ಓದಲು ಬರಬೇಕು, ಭೌತಶಾಸ್ತ್ರವೂ ಬರಬೇಕು, ಮಧ್ಯದಲ್ಲಿ ಒಂದು ವರ್ಷ ಹೊರಗೆ ಹೋಗಿ ಕೆಲಸ ಮಾಡಿ ಬರಬಹುದು. ಇದರ ಯೋಚನೆ ಇನ್ನೂ ಹಳೆಯದು. ಸಂಯೋಜಕ ಆರ್ನಾಲ್ಡ್ ಶೋನ್‌ಬರ್ಗ್ 1946ರಲ್ಲೇ ಷಿಕಾಗೋ ವಿಶ್ವವಿದ್ಯಾಲಯದ ಮುಖ್ಯಸ್ಥರಿಗೆ ಪತ್ರ ಬರೆದು, ಸಂಗೀತ, ಧ್ವನಿಶಾಸ್ತ್ರ, ಭೌತಶಾಸ್ತ್ರ ಎಲ್ಲ ಕಲಿತ ಧ್ವನಿ ತಜ್ಞರನ್ನು ತಯಾರು ಮಾಡಬೇಕು ಅಂತ ಕೇಳಿದ್ದರು.

ಎರಡನೆಯದು ಎಂಜಿನಿಯರಿಂಗ್ ಕಡೆಯದು. ಸರ್ಕ್ಯೂಟ್, ಸಿಗ್ನಲ್ ಪ್ರೊಸೆಸಿಂಗ್, ಅಕೌಸ್ಟಿಕ್ಸ್ (ಧ್ವನಿಶಾಸ್ತ್ರ). ಇಲ್ಲಿ ಹಾಡು ಮಿಕ್ಸ್ ಮಾಡುವುದು ಕಡಿಮೆ, ಲೆಕ್ಕ ಜಾಸ್ತಿ. ಮೂರನೆಯದು ಪ್ರೊಡಕ್ಷನ್ ಕೋರ್ಸ್. ಸ್ಟುಡಿಯೋ, ಸಾಫ್ಟ್‌ವೇರ್, ಪ್ರಾಜೆಕ್ಟ್. ಅತಿ ಒಳ್ಳೆಯದೂ ಅತಿ ಕೆಟ್ಟದೂ ಸಿಗುವುದು ಈ ಮೂರನೆಯದರಲ್ಲೇ.

ಸೇರುವ ಮುಂಚೆ ಹೋಗಿ ನೋಡಿ. ಅವರು ಮೊದಲು ದೊಡ್ಡ ಮಿಕ್ಸಿಂಗ್ ಕನ್ಸೋಲ್ ತೋರಿಸುತ್ತಾರೆ, ಫೋಟೋದಲ್ಲಿ ಇರುವುದೂ ಅದೇ. ಅದನ್ನು ನೋಡಿ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಪಾಠದ ಹೊರಗೆ, ಒಬ್ಬ ಮೊದಲ ವರ್ಷದ ವಿದ್ಯಾರ್ಥಿಗೆ ವಾರಕ್ಕೆ ಎಷ್ಟು ಗಂಟೆ ಈ ಕೋಣೆ ಸಿಗುತ್ತದೆ? ತಕ್ಷಣ ಒಂದು ಸಂಖ್ಯೆ ಬಂದರೆ ಒಳ್ಳೆಯದು. ‘ಅದು ಪ್ರಾಜೆಕ್ಟ್ ನೋಡಿಕೊಂಡು’ ಅಂತ ಎಳೆದರೆ ಅಲ್ಲೇ ಓಡಾಡುವ ವಿದ್ಯಾರ್ಥಿಯನ್ನು ಕೇಳಿ, ಅವರು ನಿಜ ಹೇಳುತ್ತಾರೆ. ಬುಕಿಂಗ್ ಹಾಳೆ ಗೋಡೆ ಮೇಲೆ ಇದ್ದರೆ ಅದನ್ನೇ ನೋಡಿ. ರಾತ್ರಿ ಹತ್ತು ಗಂಟೆಗೂ ಹೆಸರುಗಳು ಇದ್ದರೆ ಆ ಜಾಗ ಬದುಕಿದೆ ಅಂತ ಅರ್ಥ.

ಹೊಸಕಿವಿ:
ತುಂಬಾ ಥ್ಯಾಂಕ್ಸ್. ಇದನ್ನು ಕೇಳಬೇಕು ಅಂತಾನೇ ಹೊಳೆದಿರಲಿಲ್ಲ. ನಾನು ಯಾವ ಸಾಫ್ಟ್‌ವೇರ್ ಕಲಿಸುತ್ತಾರೆ ಅಂತ ಪಟ್ಟಿ ಮಾಡಿಕೊಂಡಿದ್ದೆ. ಪ್ರೋ ಟೂಲ್ಸ್ ಕಲಿಸದ ಕಡೆ ಹೋದರೆ ನಷ್ಟ ಆಗುತ್ತಾ?

ಲೂಪ್‌ಬ್ಯಾಕ್:
ಸಾಫ್ಟ್‌ವೇರ್ ಎರಡು ತಿಂಗಳ ಕೆಲಸ. ಅದಕ್ಕೆ ಡಿಗ್ರಿ ಬೇಡ.

ಬೂಮ್‌ಕೋಲು:
ಪ್ರೋ ಟೂಲ್ಸ್ ಗೊತ್ತಿರಬೇಕು, ಸಿನಿಮಾ ಪೋಸ್ಟ್ ಪ್ರೊಡಕ್ಷನ್‌ನಲ್ಲಿ ಅದು ಇಲ್ಲದೆ ಸೆಷನ್ (ಕೆಲಸದ ಫೈಲ್) ಕೈಬದಲಾಗುವುದು ಕಷ್ಟ. ಆದರೆ ಲೂಪ್‌ಬ್ಯಾಕ್ ಹೇಳಿದ್ದು ಸರಿ, ಅದನ್ನು ಬೇಗ ಕಲಿಯಬಹುದು.

ಕೇಬಲ್‌ಸುತ್ತು:
ರೀಪರ್ ಸಾಕು. ಪ್ರೋ ಟೂಲ್ಸ್ ಮಂದಿಯದ್ದು ಬರೀ ಜಂಬ.

(ಇಲ್ಲಿಂದ ಮುಂದಿನ ಹನ್ನೊಂದು ಉತ್ತರಗಳನ್ನು ‘ಯಾವ ಸಾಫ್ಟ್‌ವೇರ್ ಮೇಲು’ ಚರ್ಚೆಗೆ ಸರಿಸಲಾಗಿದೆ. ಅಲ್ಲೇ ಮುಂದುವರಿಸಿ. – ನಿರ್ವಾಹಕ)

ಗೋಡೆಗಿವಿ:
ಅಕೌಸ್ಟಿಕ್ಸ್ ಕಡೆಯಿಂದ ಒಂದು ಮಾತು, ಯಾರೂ ಹೇಳಲಿಲ್ಲ ಅಂತ. ಫಿಸಿಕ್ಸ್ ಹೇಗೋ ನಡೆಯುತ್ತಿದೆ ಅಂದಿರಿ. ಅದನ್ನು ಈಗಲೇ ಸ್ವಲ್ಪ ಗಟ್ಟಿ ಮಾಡಿಕೊಳ್ಳಿ. ಹೆದರಿಸಲು ಅಲ್ಲ. ಈ ಫಿಸಿಕ್ಸ್ ಕಿವಿಗೆ ಕೇಳಿಸುತ್ತದೆ, ಹಾಗಾಗಿ ಶಾಲೆಯ ಫಿಸಿಕ್ಸ್‌ಗಿಂತ ಬೇಗ ತಲೆಗೆ ಹೋಗುತ್ತದೆ.

ನೀವು ಮಿಕ್ಸ್ ಮಾಡುವ ಕೋಣೆ ಎಷ್ಟಿದೆ? ನಾಲ್ಕು ಮೀಟರ್ ಉದ್ದ, ಮೂರು ಅಗಲ, ಮೂರು ಎತ್ತರ ಅಂತ ಇಟ್ಟುಕೊಳ್ಳಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ ಕೋಣೆ ತಾನೇ ಗುಂಯ್ ಅನ್ನುವ ಫ್ರೀಕ್ವೆನ್ಸಿ, ಅಂದರೆ ಅನುರಣನೆ, ಸಿಗುತ್ತದೆ. ಉದ್ದಕ್ಕೆ ಸುಮಾರು 43 ಹರ್ಟ್ಸ್, ಅಗಲಕ್ಕೆ 57, ಎತ್ತರಕ್ಕೂ 57. ಅಗಲ ಎತ್ತರ ಒಂದೇ ಇರುವುದರಿಂದ 57 ಹರ್ಟ್ಸ್ ಹತ್ತಿರ ಎರಡು ಅನುರಣನೆ ಒಂದರ ಮೇಲೊಂದು ಕೂರುತ್ತವೆ. ಬೇಸ್ ಗಿಟಾರ್ ಆ ಸ್ವರಕ್ಕೆ ಬಂದಾಗ ಕೋಣೆಯ ಮೂಲೆಯಲ್ಲಿ ಗುಡುಗುತ್ತದೆ, ಕೋಣೆಯ ನಡುವೆ ಕೂತವನಿಗೆ ಮಾಯ. ನೀವು ನಡುವೆ ಕೂತು ಬೇಸ್ ಸಾಲದು ಅಂತ ಎತ್ತುತ್ತೀರಿ. ಆ ಮಿಕ್ಸ್ ಬೇರೆ ಕಡೆ ಹಾಕಿದಾಗ ಬರೀ ಬೇಸ್. ಪ್ಲಗಿನ್ (ಸಾಫ್ಟ್‌ವೇರ್‌ಗೆ ಸೇರಿಸುವ ಎಫೆಕ್ಟ್) ಬದಲಿಸಿ ಬದಲಿಸಿ ಸುಸ್ತಾಗುವವರು ಎಷ್ಟೋ ಜನ. ತೊಂದರೆ ಪ್ಲಗಿನ್‌ನಲ್ಲಿ ಇರುವುದೇ ಇಲ್ಲ.

ಗೋಡೆಗೆ ತೆಳು ಫೋಮ್ ಅಂಟಿಸಿದರೆ ಇದು ಹೋಗುವುದಿಲ್ಲ. 57 ಹರ್ಟ್ಸ್‌ನ ಅಲೆಯ ಉದ್ದ ಆರು ಮೀಟರ್. ಐದು ಸೆಂಟಿಮೀಟರ್ ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಮೇಲಿನ ಫ್ರೀಕ್ವೆನ್ಸಿ ಮಾತ್ರ ಹೀರಿಕೊಂಡು ಕೋಣೆ ಇನ್ನಷ್ಟು ಮಬ್ಬಾಗುತ್ತದೆ. ಮೂಲೆಗಳಲ್ಲಿ ದಪ್ಪ ಗಾಜಿನ ಉಣ್ಣೆ ಅಥವಾ ಕಲ್ಲು ಉಣ್ಣೆಯ ಬೇಸ್ ಟ್ರ್ಯಾಪ್ ಬೇಕು, ಕೂರುವ ಜಾಗವನ್ನೂ ಹಿಂದೆ ಮುಂದೆ ಸರಿಸಿ ನೋಡಬೇಕು. ಸರಿಸುವುದಕ್ಕೆ ಖರ್ಚಿಲ್ಲ, ಅದನ್ನೇ ಮೊದಲು ಮಾಡಿ.

ಕೋಣೆಯ ಸದ್ದಿನ ಈ ಶಾಸ್ತ್ರ ಶುರುವಾದದ್ದೂ ಒಂದು ವಿಶ್ವವಿದ್ಯಾಲಯದಲ್ಲೇ. 1895ರಲ್ಲಿ ಹಾರ್ವರ್ಡ್‌ನ ಒಂದು ಹೊಸ ಉಪನ್ಯಾಸ ಕೋಣೆಯಲ್ಲಿ ಪಾಠವೇ ಕೇಳುತ್ತಿರಲಿಲ್ಲ. ಒಂದು ಮಾತು ಆಡಿದರೆ ಐದು ಸೆಕೆಂಡಿಗೂ ಹೆಚ್ಚು ಹೊತ್ತು ಉಳಿಯುತ್ತಿತ್ತು. ವ್ಯಾಲೇಸ್ ಸಬೈನ್ ಅನ್ನುವ ಯುವ ಭೌತಶಾಸ್ತ್ರಜ್ಞನಿಗೆ ಸರಿ ಮಾಡಲು ಹೇಳಿದರು. ಆತ ಪಕ್ಕದ ಸಭಾಂಗಣದ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಒಂದು ಆರ್ಗನ್ ಪೈಪ್ ಊದಿಸಿ, ಸದ್ದು ಅಡಗಲು ಎಷ್ಟು ಹೊತ್ತು ಅಂತ ಅಳೆದ. ಅಳೆಯಲು ಇದ್ದದ್ದು ಕಿವಿ ಮತ್ತು ಗಡಿಯಾರ. ಬೆಳಗಾಗುವಷ್ಟರಲ್ಲಿ ಮೆತ್ತೆಗಳನ್ನು ವಾಪಸ್ ಇಡಬೇಕಿತ್ತು. ಅದರಿಂದ ಬಂದ ಸೂತ್ರವನ್ನು ಇವತ್ತಿಗೂ ಬಳಸುತ್ತೇವೆ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಗೋಡೆ, ಮೆತ್ತೆ ಎಲ್ಲ ಸೇರಿ ಸದ್ದು ಹೀರುವ ಒಟ್ಟು ಪ್ರಮಾಣದಿಂದ ಭಾಗಿಸಿದರೆ ಪ್ರತಿಧ್ವನಿ ಉಳಿಯುವ ಕಾಲ. ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ಆತನ ಲೆಕ್ಕ ನೋಡಿಕೊಂಡು ಕಟ್ಟಿದ್ದು. ಸಣ್ಣ ಕೋಣೆಯ ಬೇಸ್‌ಗೆ ಈ ಸೂತ್ರ ನಂಬಬೇಡಿ, ಅಲ್ಲಿ ಮೇಲೆ ಹೇಳಿದ ಅನುರಣನೆಗಳದ್ದೇ ರಾಜ್ಯ.

ಅಂದ ಹಾಗೆ ಅಕೌಸ್ಟಿಕ್ಸ್ ಓದಿದವರಿಗೆ ಕೆಲಸ ಸ್ಟುಡಿಯೋದಲ್ಲಿ ಮಾತ್ರ ಅಲ್ಲ. ಆಸ್ಪತ್ರೆ, ಶಾಲೆ, ರೈಲು ನಿಲ್ದಾಣ, ರಸ್ತೆ ಪಕ್ಕದ ಮನೆ, ಎಲ್ಲ ಕಡೆ ಸದ್ದು ಅಳೆಯುವವರು ಬೇಕು. ಗ್ಲಾಮರ್ ಇಲ್ಲ. ಆದರೆ ತಿಂಗಳ ಸಂಬಳ ಇದೆ.

ಹೊಸಕಿವಿ:
ಈಗಷ್ಟೇ ಕುರ್ಚಿ ಹಿಂದೆ ಸರಿಸಿ ನೋಡಿದೆ. ಬೇಸ್ ಪೂರ್ತಿ ಬೇರೆ ಥರ ಕೇಳಿಸಿತು! ಇದನ್ನು ಯಾರೂ ವಿಡಿಯೋದಲ್ಲಿ ಹೇಳಿರಲಿಲ್ಲ.

ಕೇಬಲ್‌ಸುತ್ತು:
ಹೇಳಿರುತ್ತಾರೆ. ನೀವು ಪ್ಲಗಿನ್ ವಿಡಿಯೋ ನೋಡುತ್ತಿದ್ದಿರಿ.

ಮೂರನೇವರ್ಷ:
ಹಹಹ. ಅದೇ ನಾನು ಹೇಳಬೇಕು ಅಂತಿದ್ದದ್ದು. ಯೂಟ್ಯೂಬ್‌ನಲ್ಲಿ ಎಲ್ಲ ಇದೆ, ಆದರೆ ಏನು ಹುಡುಕಬೇಕು ಅಂತ ನಮಗೆ ಗೊತ್ತಿರುವುದಿಲ್ಲ. ನಮ್ಮ ಮೊದಲ ವರ್ಷದ ಒಂದು ಲ್ಯಾಬ್ ಹೇಳುತ್ತೇನೆ. ಒಂದು ಗಿಟಾರ್ ಆಂಪ್ (ಗಿಟಾರ್ ಸದ್ದು ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ), ಮುಂದೆ ಎರಡು ಮೈಕ್. ಒಂದು ಅದರ ಜಾಲರಿಗೆ ಅಂಟಿಕೊಂಡ ಹಾಗೆ, ಇನ್ನೊಂದು ಅದಕ್ಕಿಂತ 34 ಸೆಂಟಿಮೀಟರ್ ಹಿಂದೆ. ಎರಡನ್ನೂ ಒಂದೇ ಮಟ್ಟಕ್ಕೆ ತಂದು ಕೂಡಿಸಿ ಅಂದರು. ಒಂದೊಂದೇ ಕೇಳಿದರೆ ಎರಡೂ ಚೆನ್ನಾಗಿದೆ. ಕೂಡಿಸಿದ ಕೂಡಲೇ ಗಿಟಾರ್ ಪೈಪಿನೊಳಗೆ ಹೋದ ಹಾಗಾಯಿತು. 34 ಸೆಂಟಿಮೀಟರ್ ಅಂದರೆ ಒಂದು ಮಿಲಿಸೆಕೆಂಡ್ ತಡ. ಹಾಗಾಗಿ 500 ಹರ್ಟ್ಸ್‌ನಲ್ಲಿ ಒಂದು ಅಲೆ ಏರುವಾಗ ಇನ್ನೊಂದು ಇಳಿಯುತ್ತದೆ, ಎರಡೂ ಹೊಡೆದುಕೊಂಡು ಹೋಗುತ್ತವೆ. 1500ರಲ್ಲೂ ಹಾಗೇ, 2500ರಲ್ಲೂ ಹಾಗೇ. ನಮ್ಮಲ್ಲಿ ಒಬ್ಬಳು ಈಕ್ವಲೈಜರ್ ಹಾಕಿ 500 ಎತ್ತಲು ಹೋದಳು. ಎತ್ತಿದಷ್ಟೂ ಏನೂ ಬರಲಿಲ್ಲ, ಯಾಕೆಂದರೆ ಎತ್ತಲು ಅಲ್ಲಿ ಏನೂ ಉಳಿದೇ ಇಲ್ಲ. ಮೇಷ್ಟ್ರು ಮಾತೇ ಆಡದೆ ಹೋಗಿ ಹಿಂದಿನ ಮೈಕನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಮುಂದೆ ತಂದರು. ಆ ಪೈಪಿನ ಸದ್ದು ಮೇಲಕ್ಕೆ ಜಾರುತ್ತಾ ಜಾರುತ್ತಾ ಹೋಗಿ ಕಡೆಗೆ ಗಿಟಾರ್ ಗಿಟಾರ್ ಥರ ಆಯಿತು. ಆಮೇಲೆ ಬೋರ್ಡ್ ಮೇಲೆ ಲೆಕ್ಕ ಬರೆದರು. ಈಗ ನಾನು ಎಲ್ಲೇ ಎರಡು ಮೈಕ್ ಇಟ್ಟರೂ ಮೊದಲು ಟೇಪ್ ಹಿಡಿದು ಅಳೆಯುತ್ತೇನೆ.

ಕೇಬಲ್‌ಸುತ್ತು:
ಇದು ಒಳ್ಳೆ ಪಾಠ, ಒಪ್ಪುತ್ತೇನೆ. ಇದೇ ಲೆಕ್ಕ ನಮ್ಮಲ್ಲಿ ದೊಡ್ಡ ಮೈದಾನದಲ್ಲಿ ಬರುತ್ತದೆ. ಮುಂದಿನ ಸ್ಪೀಕರ್‌ನಿಂದ 34 ಮೀಟರ್ ಹಿಂದೆ ಇನ್ನೊಂದು ಜೋಡಿ ಸ್ಪೀಕರ್ ನಿಲ್ಲಿಸಿದರೆ ಅದಕ್ಕೆ ಸುಮಾರು 100 ಮಿಲಿಸೆಕೆಂಡ್ ಡಿಲೇ ಹಾಕಬೇಕು, ಇಲ್ಲದಿದ್ದರೆ ಹಿಂದಿನವರಿಗೆ ಪ್ರತಿ ಪದ ಎರಡೆರಡು ಸಲ ಕೇಳುತ್ತದೆ. ಬಿಸಿಲಲ್ಲಿ ಸೆಟ್ ಮಾಡಿದ್ದು ರಾತ್ರಿ ತಣ್ಣಗಾದ ಮೇಲೆ ಸ್ವಲ್ಪ ಜಾರುತ್ತದೆ, ಒಂದು ಡಿಗ್ರಿಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಬದಲಾಗುತ್ತದೆ. ಇದನ್ನು ನನಗೆ ಕಲಿಸಿದ್ದು ಕಾಲೇಜಲ್ಲ, ಒಬ್ಬ ಹಿರಿಯ ಎಂಜಿನಿಯರ್. ಆದರೆ ಅಂಥ ಹಿರಿಯರು ಎಲ್ಲರಿಗೂ ಸಿಗುವುದಿಲ್ಲ, ಅದೂ ನಿಜ. ಸಿಗದವರು ಹತ್ತು ವರ್ಷ ಕೇಬಲ್ ಸುತ್ತುತ್ತಲೇ ಇರುತ್ತಾರೆ.

ಬೂಮ್‌ಕೋಲು:
ಎಲ್ಲರೂ ಸಂಗೀತದ ಬಗ್ಗೆಯೇ ಮಾತಾಡುತ್ತಿದ್ದೀರಿ. ಈ ಡಿಗ್ರಿ ಸೇರುವ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಹಾಡು ರೆಕಾರ್ಡ್ ಮಾಡುವ ಕನಸು. ಹೊರಗೆ ಬಂದರೆ ಕೆಲಸ ಇರುವುದು ಮಾತಿನಲ್ಲಿ. ಸಿನಿಮಾ, ಸೀರಿಯಲ್, ಸುದ್ದಿ, ಪಾಡ್‌ಕಾಸ್ಟ್, ಆಡಿಯೋ ಪುಸ್ತಕ, ಡಬ್ಬಿಂಗ್. ಮನುಷ್ಯನ ಮಾತು ಸ್ಪಷ್ಟವಾಗಿ ಕೇಳುವ ಹಾಗೆ ಮಾಡುವುದು. ಕೇಳಲು ಸಪ್ಪೆ, ಮಾಡಲು ಕುಳಿತರೆ ಗೊತ್ತಾಗುತ್ತದೆ.

ನಾನು ಶೂಟಿಂಗ್ ಜಾಗದಲ್ಲಿ ಧ್ವನಿ ಹಿಡಿಯುವ ಕೆಲಸ ಮಾಡುತ್ತೇನೆ. ತುದಿಯಲ್ಲಿ ಮೈಕ್ ಕಟ್ಟಿದ ಬೂಮ್ ಕೋಲನ್ನು ತಲೆ ಮೇಲೆ ಎತ್ತಿ ನಿಂತು, ಕ್ಯಾಮೆರಾ ಚೌಕಟ್ಟಿನ ಒಳಗೆ ಮೈಕ್ ಇಳಿಯದ ಹಾಗೆ, ನಟ ತಿರುಗಿದ ಕಡೆ ಮೈಕ್ ತಿರುಗಿಸುತ್ತಾ ಇರಬೇಕು. ನಟನ ಅಂಗಿಯೊಳಗೆ ಸಣ್ಣ ಮೈಕ್ ಬೇರೆ, ಅದು ಬಟ್ಟೆಗೆ ತಾಗಿದರೆ ಸರಸರ. ದೃಶ್ಯ ಮುಗಿದ ಮೇಲೆ ಎಲ್ಲರೂ ಅಲ್ಲಾಡದೆ ನಿಲ್ಲಿ ಅಂತ ಹೇಳಿ ಅರ್ಧ ನಿಮಿಷ ಖಾಲಿ ಕೋಣೆಯ ಸದ್ದು ರೆಕಾರ್ಡ್ ಮಾಡಬೇಕು. ಎಲ್ಲರೂ ನನ್ನನ್ನೇ ಬೈಯುವ ಹೊತ್ತು ಅದು. ಆದರೆ ಆ ಅರ್ಧ ನಿಮಿಷ ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಎರಡು ಮಾತಿನ ನಡುವೆ ಕತ್ತರಿಸಿದ ಕಡೆ ತೂತು ಬಿದ್ದ ಹಾಗೆ ಕೇಳುತ್ತದೆ, ಪ್ರೇಕ್ಷಕನಿಗೆ ಏನು ಅಂತ ಗೊತ್ತಾಗದಿದ್ದರೂ ಏನೋ ಸರಿ ಇಲ್ಲ ಅನ್ನಿಸುತ್ತದೆ.

ಹಾಗಾಗಿ ಕೋರ್ಸ್ ನೋಡುವಾಗ ಇದನ್ನೂ ನೋಡಿ: ಅದೇ ವಿಶ್ವವಿದ್ಯಾಲಯದಲ್ಲಿ ಸಿನಿಮಾ, ನಾಟಕ, ಸಂಗೀತ ವಿಭಾಗ ಇದೆಯಾ? ಇದ್ದರೆ ಅವರಿಗೆ ನೀವು ಬೇಕು, ನಿಮಗೆ ಅವರು ಬೇಕು. ಮೊದಲ ವರ್ಷದಲ್ಲೇ ಹೋಗಿ ಅವರ ಕಿರುಚಿತ್ರಕ್ಕೆ ಸೌಂಡ್ ನಾನು ಮಾಡ್ತೀನಿ ಅಂತ ಹೇಳಿ. ಕ್ಯಾಮೆರಾಗೆ ಹತ್ತು ಜನ ಜಗಳ ಆಡುತ್ತಿರುತ್ತಾರೆ, ಸೌಂಡ್‌ಗೆ ಯಾರೂ ಇರುವುದಿಲ್ಲ. ಮುಂದೆ ಕೆಲಸಕ್ಕೆ ಕರೆಯುವವರು ಅವರೇ. ನನಗೆ ಇವತ್ತಿಗೂ ಫೋನ್ ಬರುವುದು ಬಹುಪಾಲು ಕಾಲೇಜಿನ ಜೊತೆಗಾರರಿಂದಲೇ.

ಲೌಡ್‌ನೆಸ್ (ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಅನ್ನುವುದು) ಮಾಪನವನ್ನೂ ಕಲಿಸುತ್ತಾರಾ ಕೇಳಿ. ಯುರೋಪಿನ ಟಿವಿಗೆ 2010ರಿಂದ ಇರುವ ಆರ್ 128 ಶಿಫಾರಸಿನಂತೆ ಇಡೀ ಕಾರ್ಯಕ್ರಮದ ಸರಾಸರಿ ಮಟ್ಟ ಮೈನಸ್ 23 ಎಲ್‌ಯುಎಫ್‌ಎಸ್ (ಲೌಡ್‌ನೆಸ್ ಅಳೆಯುವ ಮಾನ) ಇರಬೇಕು. ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ಹಾಡು ಜೋರು ಮಾಡುವುದೇ ಮಾಸ್ಟರಿಂಗ್ (ಮಿಕ್ಸ್ ಆದ ಮೇಲಿನ ಕೊನೆಯ ತಿದ್ದುವಿಕೆ) ಅಂದುಕೊಂಡು ಬಂದವರಿಗೆ ಇದು ಮೊದಲ ಏಟು.

ಲೂಪ್‌ಬ್ಯಾಕ್:
ಇನ್ನೊಂದು ದಾರಿ. ಗಣಿತ ಪರವಾಗಿಲ್ಲ ಅಂದಿರಲ್ಲ, ಅದನ್ನು ಬಿಡಬೇಡಿ. ಗೇಮ್ ಆಡಿಯೋದಲ್ಲಿ ವೈಸ್, ಎಫ್‌ಮಾಡ್ ಅನ್ನುವ ಸಾಧನಗಳಿವೆ. ಅಲ್ಲಿ ಸದ್ದು ಒಂದೇ ಸಲ ಮಿಕ್ಸ್ ಆಗಿ ಮುಗಿಯುವುದಿಲ್ಲ. ಆಡುವವನು ಗುಹೆಯೊಳಗೆ ಹೋದರೆ ಹೆಜ್ಜೆಯ ಸದ್ದು ಬದಲಾಗಬೇಕು, ಓಡಿದರೆ ಬೇರೆ, ನೀರಲ್ಲಿ ಬೇರೆ. ನೂರು ಸಲ ಹೆಜ್ಜೆ ಇಟ್ಟರೂ ಅದೇ ಸದ್ದು ಅನ್ನಿಸಬಾರದು. ಅದನ್ನೆಲ್ಲ ನಿಯಮವಾಗಿ ಬರೆಯಬೇಕು. ಇನ್ನೂ ಒಳಗೆ ಹೋದರೆ ಪ್ಲಗಿನ್ ಬರೆಯುವುದು. ಸಿ ಪ್ಲಸ್ ಪ್ಲಸ್ ಪ್ರೋಗ್ರಾಮಿಂಗ್, ಫೂರಿಯರ್ ಗಣಿತ, ಫಿಲ್ಟರ್. ಯೂಟ್ಯೂಬ್‌ನಿಂದ ಒಬ್ಬರೇ ಕುಳಿತು ಕಲಿಯಲು ಅತಿ ಕಷ್ಟ ಇದೇ, ಹಾಗಾಗಿ ಡಿಗ್ರಿಗೆ ಬೆಲೆ ಬರುವುದೂ ಇಲ್ಲೇ.

ಹೊಸಕಿವಿ:
ಎಲ್ಲರೂ ಇಷ್ಟು ಬರೆದಿದ್ದೀರಿ, ನಿಜಕ್ಕೂ ಖುಷಿ ಆಯಿತು. ಇನ್ನೊಂದು ಹೆದರಿಕೆ ಇದೆ, ಕೇಳಿಬಿಡುತ್ತೇನೆ. ಎಐ ಬಂದು ಮಾಸ್ಟರಿಂಗ್ ತಾನೇ ಮಾಡುತ್ತಿದೆ, ಹಾಡಿನಿಂದ ದನಿಯನ್ನು ಬೇರ್ಪಡಿಸಿ ಕೊಡುತ್ತಿದೆ. ನಾನು ಓದಿ ಹೊರಗೆ ಬರುವಷ್ಟರಲ್ಲಿ ಕೆಲಸ ಇರುತ್ತದಾ?

ಪಾಠದಕೋಣೆ:
ಮೂರು ನಾಲ್ಕು ವರ್ಷದ ಮುಂದಿನದು ಯಾರಿಂದಲೂ ಹೇಳಲಾಗದು. ಈಗ ಕಾಣುವುದು ಹೇಳುತ್ತೇನೆ. ಫೈಲ್ ಒಳಗೆ ಬಂದು ಫೈಲ್ ಹೊರಗೆ ಹೋಗುವ ಕೆಲಸ, ಅಂದರೆ ಬೇಡದ ಸದ್ದು ತೆಗೆದುಹಾಕುವುದು, ಸರಳ ಮಾಸ್ಟರಿಂಗ್, ಇವಕ್ಕೆ ಪೆಟ್ಟು ಬಿದ್ದಿದೆ. ಮೈಕ್ ಎಲ್ಲಿ ಇಡಬೇಕು, ಹೆದರಿದ ಗಾಯಕಿಯನ್ನು ಹೇಗೆ ಸಮಾಧಾನ ಮಾಡಿ ಇನ್ನೊಂದು ಟೇಕ್ ತೆಗೆದುಕೊಳ್ಳಬೇಕು, ಮಳೆ ಬಂದಾಗ ವೇದಿಕೆಯ ಕರೆಂಟ್ ಏನು ಮಾಡಬೇಕು, ಇವು ಹಾಗೇ ಇವೆ. ಪಠ್ಯಕ್ರಮದಲ್ಲಿ ಮೊದಲನೆಯದೇ ತುಂಬಿದ್ದರೆ ಆ ಕೋರ್ಸ್ ಬಿಟ್ಟುಬಿಡಿ. ಇನ್ನೊಂದು, ಸಾಧನ ಬಂದಾಗ ಅದು ತಪ್ಪು ಮಾಡಿದ್ದನ್ನು ಕೇಳಿ ಹಿಡಿಯುವವರು ಬೇಕು. ದನಿ ಬೇರ್ಪಡಿಸಿದ ಟ್ರ್ಯಾಕ್‌ನಲ್ಲಿ ‘ಸ’ಕಾರದ ಹಿಂದೆ ನೀರು ಕುದಿಯುವ ಥರ ಒಂದು ಸದ್ದು ಉಳಿಯುತ್ತದೆ. ನಮ್ಮ ಮಕ್ಕಳಲ್ಲಿ ಕಿವಿ ತರಬೇತಿ ಆದವರು ತಟ್ಟನೆ ಹೇಳುತ್ತಾರೆ, ಆಗದವರಿಗೆ ಕೇಳಿಸುವುದೇ ಇಲ್ಲ.

ಗೋಡೆಗಿವಿ:
ಕಿವಿ ಅಂದಾಗ ನೆನಪಾಯಿತು. ಯಾವ ಕೋರ್ಸ್ ಆದರೂ ಸರಿ, ಕಿವಿ ಕಾಪಾಡಿಕೊಳ್ಳಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಲೆಕ್ಕದಲ್ಲಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ ಮಿತಿ. ಮೂರು ಡೆಸಿಬೆಲ್ ಏರಿದರೆ ಸಮಯ ಅರ್ಧ. 94ಕ್ಕೆ ಒಂದು ಗಂಟೆ. 100ಕ್ಕೆ 15 ನಿಮಿಷ. ಹೆಡ್‌ಫೋನ್‌ನಲ್ಲಿ ರಾತ್ರಿಯಿಡೀ ಜೋರಾಗಿ ಮಿಕ್ಸ್ ಮಾಡುವುದು ಸಾಹಸ ಅಲ್ಲ. ಹೋದ ಕೇಳುವಿಕೆ ವಾಪಸ್ ಬರುವುದಿಲ್ಲ.

ಕೇಬಲ್‌ಸುತ್ತು:
ಇದಕ್ಕೆ ನನ್ನ ಎರಡು ಕೈ ಸಹಿ. ಸಂಗೀತಗಾರರಿಗೆ ಅಂತಲೇ ಇಯರ್‌ಪ್ಲಗ್ ಬರುತ್ತದೆ, ಎಲ್ಲ ಫ್ರೀಕ್ವೆನ್ಸಿಯನ್ನೂ ಹೆಚ್ಚು ಕಡಿಮೆ ಒಂದೇ ಸಮ ತಗ್ಗಿಸುತ್ತದೆ. ಜೇಬಲ್ಲಿ ಇರಲಿ. ಫೋಮ್‌ನದು ಹಾಕಿಕೊಂಡರೆ ಮೇಲಿನ ಸದ್ದೆಲ್ಲ ಹೋಗಿ ಮಿಕ್ಸ್ ಮಾಡಲು ಬರುವುದಿಲ್ಲ.

ಹೊಸಕಿವಿ:
ಸರಿ, ಎರಡು ಜಾಗ ಪಟ್ಟಿಯಲ್ಲಿ ಉಳಿಸಿಕೊಂಡಿದ್ದೇನೆ. ಒಂದರಲ್ಲಿ ಸಿನಿಮಾ ವಿಭಾಗ ಇದೆ. ಇನ್ನೊಂದರಲ್ಲಿ ದೊಡ್ಡ ಕನ್ಸೋಲ್ ಇದೆ, ಆದರೆ ಕೋಣೆ ಎಷ್ಟು ಗಂಟೆ ಸಿಗುತ್ತದೆ ಅಂತ ಮೇಲ್ ಹಾಕಿದ್ದಕ್ಕೆ ಮತ್ತೆ ಅದೇ ಬ್ರೋಷರ್ ಕಳಿಸಿದರು. ಮೊದಲನೆಯದಕ್ಕೆ ಮೂರು ರೆಕಾರ್ಡಿಂಗ್ ಕಳಿಸಬೇಕು. ಏನು ಕಳಿಸಲಿ?

ಪಾಠದಕೋಣೆ:
ಬ್ರೋಷರ್ ಕಳಿಸಿದರಲ್ಲ, ಅದೇ ಉತ್ತರ.

ರೆಕಾರ್ಡಿಂಗ್ ವಿಷಯ: ಒಂದೊಂದು ಎರಡು ನಿಮಿಷ ಸಾಕು, ನಾವು ಪೂರ್ತಿ ಕೇಳುವುದು ಕಡಿಮೆ. ಮೂರೂ ಒಂದೇ ಥರದ್ದು ಬೇಡ. ಒಂದು ನೀವು ಮಿಕ್ಸ್ ಮಾಡಿದ ಹಾಡು. ಒಂದು ಒಂದೇ ಮೈಕ್‌ನಲ್ಲಿ, ಏನೂ ಎಫೆಕ್ಟ್ ಹಾಕದೆ ಹಿಡಿದ ವಾದ್ಯ ಅಥವಾ ದನಿ. ಇನ್ನೊಂದು ಸಂಗೀತವೇ ಅಲ್ಲದ್ದು: ಮಾತು, ಅಥವಾ ಒಂದು ಜಾಗದ ಸದ್ದು. ಲಿಮಿಟರ್ (ಸದ್ದಿಗೆ ಮಿತಿ ಕಟ್ಟುವ ಎಫೆಕ್ಟ್) ಹಾಕಿ ಗೋಡೆ ಥರ ಚಪ್ಪಟೆ ಮಾಡಬೇಡಿ. ಜೊತೆಗೆ ಅರ್ಧ ಪುಟ ಬರೆಯಿರಿ. ಮೈಕ್ ಎಲ್ಲಿ ಇಟ್ಟಿರಿ, ಯಾಕೆ, ಮೊದಲು ಎಲ್ಲಿ ಇಟ್ಟು ಬೇಡ ಅನ್ನಿಸಿತು. ನಾನು ಅರ್ಜಿ ನೋಡುವಾಗ ರೆಕಾರ್ಡಿಂಗ್‌ಗಿಂತ ಆ ಅರ್ಧ ಪುಟವನ್ನೇ ಹೆಚ್ಚು ಹೊತ್ತು ನೋಡುತ್ತೇನೆ.

ಬೂಮ್‌ಕೋಲು:
ಆ ‘ಜಾಗದ ಸದ್ದು’ ರೆಕಾರ್ಡ್ ಮಾಡುವಾಗ ಮೈಕ್ ಕೈಯಲ್ಲಿ ಹಿಡಿಯಬೇಡಿ, ಬೆರಳಿನ ಸದ್ದೆಲ್ಲ ಬರುತ್ತದೆ. ಸ್ಟ್ಯಾಂಡ್ ಮೇಲೆ ಇಟ್ಟು, ಗಾಳಿಗೆ ಕವರ್ ಹಾಕಿ, ಬಟನ್ ಒತ್ತಿ ದೂರ ಹೋಗಿ ನಿಲ್ಲಿ.

ಹೊಸಕಿವಿ:
ಕವರ್ ಇಲ್ಲ. ಮೈಕ್ ಜೊತೆ ಬಂದ ಸ್ಪಂಜ್ ಸಾಕಾ?

ಬೂಮ್‌ಕೋಲು:
ಮನೆಯೊಳಗೆ ಸಾಕು. ಹೊರಗೆ ಸಾಲದು, ಸಣ್ಣ ಗಾಳಿಗೂ ಕಂಡೆನ್ಸರ್ ಗುಡುಗುತ್ತದೆ. ಗಾಳಿ ಇಲ್ಲದ ಬೆಳಗಿನ ಜಾವ ಪ್ರಯತ್ನಿಸಿ, ಅಥವಾ ಕಿಟಕಿ ತೆಗೆದು ಒಳಗಿನಿಂದಲೇ ಹಿಡಿಯಿರಿ. ಒಳಗಿನಿಂದ ಹಿಡಿದೆ ಅಂತ ಆ ಅರ್ಧ ಪುಟದಲ್ಲಿ ಬರೆದುಬಿಡಿ.